ಸೋಮವಾರದವರೆಗೆ ತೆರೆದ ಕಣ್ಣು

ಹ್ಯಾಂಪ್ಟನ್ನಿನ ಪ್ರಯೋಗಾಲಯದಲ್ಲಿ ಆ ಶುಕ್ರವಾರ ಹಳೆಯ ಉಪಗ್ರಹವೊಂದಕ್ಕೆ ಬೀಳ್ಕೊಡುಗೆ. ಮುಖ್ಯಸ್ಥ ಒರಿನ್ ಹ್ಯಾಸ್ಕೆಲ್ ಕೇಕ್ ತರಿಸಿದ್ದ, ಮನೆಯಿಂದ ಏಡಿ ಬೇಯಿಸಿ ತಂದಿದ್ದ. ಸಂಜೆ ಉಪಗ್ರಹವನ್ನು ನಿಲ್ಲಿಸುವ ಆದೇಶ ಹೋಗಬೇಕಿತ್ತು.

ವರ್ಲೀನ್ ಟಿಸ್ಡೇಲ್ ಮಾತ್ರ ಊಟದ ಕಡೆ ಸುಳಿಯಲಿಲ್ಲ. ಕೆಲಸಕ್ಕೆ ಸೇರಿದಂದಿನಿಂದ ಅವಳು ಓದಿದ್ದು ಈ ಉಪಗ್ರಹ ಕಳಿಸುವ ಅಳತೆಗಳನ್ನೇ. ನೂರು ಕಿಲೋಮೀಟರಿಗೂ ಮೇಲೆ, ಇದ್ದೂ ಇಲ್ಲದಂತಿರುವ ಗಾಳಿ ಸೂರ್ಯನ ಹೊಡೆತಕ್ಕೆ ಬಿಸಿಯಾಗುತ್ತದೆ. ಆ ಬಿಸಿಯನ್ನು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಕಣ್ಣಿಗೆ ಕಾಣದ ಅವಗೆಂಪು ಬೆಳಕಾಗಿಸಿ ಹೊರಗೆ ಚೆಲ್ಲಿ, ಗಾಳಿಯನ್ನು ತಣಿಸುತ್ತದೆ. ಉಪಗ್ರಹ ಅಳೆಯುತ್ತಿದ್ದುದು ಆ ಬೆಳಕನ್ನು.

ಕೊನೆಯ ಸಲ ನೋಡಿಬಿಡೋಣವೆಂದು ಪರದೆ ತೆರೆದವಳು ಕುರ್ಚಿಯಲ್ಲಿ ನೆಟ್ಟಗಾದಳು. ಅಳತೆಯ ಗೆರೆ ಗೋಡೆ ಹತ್ತಿದಂತೆ ಏರಿತ್ತು.

ತಟ್ಟೆ ಹಿಡಿದುಕೊಂಡೇ ಬಂದ ಒರಿನ್ ಇಣುಕಿದ. "ನಮ್ಮ ಮುದುಕನಿಗೆ ಅರಳುಮರಳು ಕಣಮ್ಮ. ಎಲ್ಲೋ ಕೆಟ್ಟಿರ್ಬೇಕು."

"ಕೆಟ್ಟಿದ್ರೆ ಎಲ್ಲಾ ಕಡೆ ಒಂದೇ ಥರ ತಪ್ಪು ಹೇಳ್ಬೇಕಿತ್ತು. ಇಲ್ಲಿ ನೋಡಿ, ಧ್ರುವಗಳ ಹತ್ರನೇ ಜಾಸ್ತಿ, ಸೂರ್ಯನಿಂದ ಬರೋ ಕಣಗಳು ಬೀಳೋದೂ ಅಲ್ಲೇ. ಸೌರ ಬಿರುಗಾಳಿ ಇದು."

"ಸರಿ, ಹೋಗೋ ಮುಂಚೆ ಅದೂ ಸಿಕ್ತಲ್ಲ. ಊಟಕ್ಕೆ ಬಾ."

"ಸಿಕ್ಕಿದ್ದು ಅರ್ಧ ಅಷ್ಟೇ. ಈ ಅನಿಲ ಒಂದ್ಸಲ ಶುರು ಹಚ್ಕೊಂಡ್ರೆ ಬಿರುಗಾಳಿ ನಿಂತ್ರೂ ನಿಲ್ಸಲ್ಲ, ಗಾಳಿನ ಮೊದಲಿಗಿಂತ ತಣ್ಣಗೆ ಮಾಡುತ್ತೆ. ಸೋಮವಾರದವರೆಗೆ ಕಣ್ಣು ತೆರೆದಿರ್ಲಿ."

"ಕೇಕ್ ಮೇಲೆ 'ಹೋಗಿ ಬಾ' ಅಂತ ಬರೆಸಿದೀನಲ್ಲೇ ಮಾರಾಯ್ತಿ."

"ಆ ಅಕ್ಷರಗಳ್ನ ನಾನೇ ತಿಂದು ಮುಗಿಸ್ತೀನಿ."

ಒರಿನ್ ನಗುತ್ತಲೇ ಕೈ ಒರೆಸಿಕೊಂಡು ಫೋನಿಗೆ ಕೈ ಹಾಕಿದ. ನಿಯಂತ್ರಣ ಕೇಂದ್ರದವರು ಮೊದಲು ಗೊಣಗಿದರು. ಗೆರೆಯ ಚಿತ್ರ ಕಳಿಸಿದ ಮೇಲೆ ಒಪ್ಪಿದರು. ವರ್ಲೀನ್ ಮಾತಿಗೆ ತಪ್ಪದೆ ಅಕ್ಷರಗಳನ್ನೆಲ್ಲ ತಿಂದಳು.

ಶನಿವಾರ ಬಿರುಗಾಳಿ ಅಡಗಿತು. ಗೆರೆಗೆ ಮಾತ್ರ ಇಳಿಯುವ ಅವಸರವಿರಲಿಲ್ಲ. ತಂಗಿಯ ಮನೆಗೆ ಹೋದಾಗಲೂ ವರ್ಲೀನಳ ಕಣ್ಣು ಫೋನಿನಲ್ಲೇ. "ಯಾರೇ ಅವನು?" ಎಂದು ತಂಗಿ ಕಿಚಾಯಿಸಿದಳು.

"ಅನಿಲ," ಎಂದಳು ವರ್ಲೀನ್.

ಸೋಮವಾರ ಇನ್ನೊಂದು ಉಪಗ್ರಹದ ಮಾಹಿತಿಯೂ ಬಂತು. ಮೇಲಿನ ಗಾಳಿ ತಣ್ಣಗಾಗಿ ಕುಗ್ಗಿ, ಆ ಉಪಗ್ರಹಕ್ಕೆ ಬಿರುಗಾಳಿಗೆ ಮೊದಲು ಇದ್ದುದಕ್ಕಿಂತಲೂ ಕಡಿಮೆ ತಡೆ ಒಡ್ಡುತ್ತಿತ್ತು. ಒರಿನ್ ಎರಡೂ ಉಪಗ್ರಹಗಳ ಗೆರೆಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದ.

"ಶುಕ್ರವಾರನೇ ನಿಲ್ಸಿದ್ರೆ ಎಂಥಾ ಪೆದ್ದುತನ ಆಗ್ತಿತ್ತು," ಎಂದ.

ಸಂಜೆ ಆದೇಶ ಹೋಯಿತು. ಗೆರೆ ತಟ್ಟನೆ ನಿಂತಾಗ ವರ್ಲೀನ್ ಅದರ ತುದಿಯ ಮೇಲೆ ಬೆರಳಿಟ್ಟಳು. ಒರಿನ್ ಆಗಲೇ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಿದ್ದ.

"ಇದರ ಬಗ್ಗೆ ಲೇಖನ ಬರೆಯೋಕೆ ಎಲ್ಲಿಂದ ಶುರು ಮಾಡೋಣ, ಹೇಳು."