ಕಾಶವ್ವನ ಗಂಡ ಮನೆಗೆ ಬಂದ ಕಂತು

ಹಳಗನ್ನಡದಲ್ಲಿ ೞ ಎಂಬ ಒಂದು ಅಕ್ಷರವಿತ್ತು. ಸಾವಿರ ವರ್ಷದ ಹಿಂದೆಯೇ ಅದು ಜನರ ನಾಲಿಗೆಯಿಂದ ಜಾರತೊಡಗಿ, ಮೆಲ್ಲಗೆ ಕಾಣೆಯಾಯಿತು. ಯಾಕೆ ಹೋಯಿತು, ಹೇಗೆ ಹೋಯಿತು ಎಂದು ಹುಡುಕುವುದರಲ್ಲಿ ನಾನು ಹತ್ತೊಂಬತ್ತು ವರ್ಷ ಕಳೆದೆ. ಅದು ಹೋದಾಗಲೇ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ ಎಂಬುದು ನನಗೆ ಮೊದಲೇ ಹೊಳೆಯಬೇಕಿತ್ತು.

ನನ್ನ ಹೆಸರು ಸದಾಶಿವ ನೀಲಪ್ಪ ಮೇತ್ರಿ. ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷದಿಂದ ಹಳಗನ್ನಡ ಕಲಿಸುತ್ತಿದ್ದೇನೆ. ಹುಡುಗರು ಬೆನ್ನ ಹಿಂದೆ ನನ್ನನ್ನು ‘ಳಕಾರ ಸರ್’ ಎನ್ನುತ್ತಾರೆ. ‘ಹಳಗನ್ನಡದಲ್ಲಿ ೞಕಾರದ ಅವಸಾನ’ ಎಂಬ ನನ್ನ ಗ್ರಂಥದ ಮುನ್ನೂರು ಪ್ರತಿ ಅಚ್ಚಾದವು. ಇನ್ನೂರ ಅರವತ್ತು ನಮ್ಮ ಮಂಚದ ಕೆಳಗಿವೆ. ಸವದತ್ತಿಯ ಒಬ್ಬರು ‘ಅವಸಾನ’ ಎಂದಮೇಲೆ ಕೊಲೆಯ ಕಥೆ ಇದ್ದೀತು ಎಂದು ಒಂದು ಪ್ರತಿ ಒಯ್ದವರು ವಾರದೊಳಗೆ ತಂದುಕೊಟ್ಟರು.

ಆದರೂ ಮನೆಯಲ್ಲಿ ನನಗೆ ಒಬ್ಬ ಅಭಿಮಾನಿ ಇದ್ದಳು. ನನ್ನ ಅವ್ವ ಕೃಷ್ಣವ್ವ. ಬೈಲಹೊಂಗಲದ ಕಾಯಿಪಲ್ಲೆ ಬಜಾರಿನಲ್ಲಿ ನಲವತ್ತು ವರ್ಷ ಕೂತವಳು, ಓದು ಬಾರದವಳು. ನಮ್ಮ ಓಣಿಯಿಂದ ಹಳಗನ್ನಡ ಓದಿದ ಮೊದಲನೆಯವನು ನಾನು. ಬದನೆಕಾಯಿ ತೂಗುತ್ತಲೇ ಅವಳು ಗಿರಾಕಿಗಳಿಗೆ ಹೇಳುತ್ತಿದ್ದಳಂತೆ: “ನನ್ನ ಮಗ ಕಲಸೂದು ಯಾರಿಗೂ ತಿಳ್ಯಾಂಗಿಲ್ರಿ. ಅಷ್ಟ ದೊಡ್ಡದೈತಿ ಅದು.”

ಕಾದಂಬರಿಯ ಹುಚ್ಚು ಹತ್ತಿಸಿದವರು ನಮ್ಮ ಕಾಲೇಜಿನ ಕಾಮರ್ಸ್ ವಿಭಾಗದ ಮಲಕಾಜಪ್ಪ. ಫೋನಿನಲ್ಲಿ ವಾರವಾರ ಬರುವ ಧಾರಾವಾಹಿಗಳನ್ನು ಓದುವ ಚಟ ಅವರಿಗೆ. ಒಮ್ಮೆ ಸ್ಟಾಫ್ ರೂಮಿನಲ್ಲಿ ಅವರ ಹೆಗಲ ಮೇಲಿಂದ ಬಗ್ಗಿ ನಾನು ವಿಭಕ್ತಿಯ ತಪ್ಪುಗಳನ್ನು ಎಣಿಸತೊಡಗಿದೆ. ಹದಿನೇಳಕ್ಕೆ ಬಂದಾಗ ಅವರು ಫೋನು ಮಗುಚಿಟ್ಟರು.

“ತಪ್ಪ ಹುಡುಕೂದು ಸಲೀಸ್ರಿ ಸರ್. ನೀವ ಒಂದು ಬರದ ತೋರಸ್ರಿ.”

ತೋರಿಸಿದೆ. ದೇಗಾಂವದ ಕಮಲನಾರಾಯಣ ಗುಡಿ ಕಟ್ಟುವ ಕಾಲದ ಒಬ್ಬ ಶಿಲ್ಪಿಯ ಕಥೆ. ಮೊದಲನೆಯ ವಾಕ್ಯದಲ್ಲಿ ನಲವತ್ತೊಂದು ಪದಗಳಿದ್ದವು, ಕ್ರಿಯಾಪದ ಒಂದೇ, ಅದೂ ಕಟ್ಟಕಡೆಗೆ. ಸವದತ್ತಿಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು ಪ್ರಜ್ಞಾ ಅದನ್ನು ಫೋನಿನ ಆ್ಯಪಿಗೆ ಏರಿಸಿದಳು. ಹನ್ನೊಂದು ಜನ ಓದಿದರು, ಅದರಲ್ಲಿ ಮೂವರು ನಮ್ಮ ಮನೆಯವರೇ. ಒಬ್ಬರು ಕೆಳಗೆ ಬರೆದಿದ್ದರು: “ಚೆನ್ನಾಗಿದೆ ಸರ್. ಇದರ ಕನ್ನಡ ಅನುವಾದ ಯಾವಾಗ ಬರುತ್ತದೆ?”

ಎರಡನೆಯದು ನಾನು ಬರೆಯಬೇಕೆಂದು ಬರೆದದ್ದಲ್ಲ. ಕಿತ್ತೂರಿನಲ್ಲಿ ಪರೀಕ್ಷೆಯ ಕೆಲಸ ಇತ್ತು. ಎಂ.ಕೆ. ಹುಬ್ಬಳ್ಳಿಯ ಹತ್ತಿರ ಕಬ್ಬು ಹೇರಿದ ಜೋಡಿ ಟ್ರೇಲರಿನ ಟ್ರ್ಯಾಕ್ಟರು ದಾರಿಗೆ ಅಡ್ಡ ನಿಂತು, ನಮ್ಮ ಬಸ್ಸು ಒಂದೂವರೆ ತಾಸು ಅಲ್ಲಾಡಲಿಲ್ಲ. ಬಸ್ಸಿನವರೆಲ್ಲ ಬೈಯುತ್ತಿದ್ದರು. ಆ ಟ್ರ್ಯಾಕ್ಟರಿನ ಮೇಲೆ ನಮ್ಮವ್ವ ಕೂತಿದ್ದರೆ ಇವರಿಗೆಲ್ಲ ಏನು ಉತ್ತರ ಕೊಡುತ್ತಿದ್ದಳು ಎಂದು ಯೋಚನೆ ಬಂತು. ನೋಟುಪುಸ್ತಕ ತೆಗೆದು ಬರೆದೆ. ಬಸ್ಸು ಹೊರಡುವ ಹೊತ್ತಿಗೆ ಆರು ಪುಟವಾಗಿತ್ತು, ಒಂದು ಪದಕ್ಕೂ ನಾನು ತಡಕಾಡಿರಲಿಲ್ಲ. ಹಾಗೆ ಹುಟ್ಟಿದವಳು ಕಾಶವ್ವ. ಗಂಡ ಬಿಟ್ಟುಹೋದವಳು, ಕಾರ್ಖಾನೆಗೆ ಕಬ್ಬು ಸಾಗಿಸುವವಳು, ದಾರಿಯಲ್ಲಿ ಸಿಕ್ಕ ಕಳ್ಳರನ್ನೂ ಸುಳ್ಳರನ್ನೂ ಮಾತಿನಲ್ಲೇ ಹಿಡಿದುಹಾಕುವವಳು.

ಅದನ್ನು ಅದೇ ಆ್ಯಪಿನಲ್ಲಿ ವಾರವಾರ ಕಂತಾಗಿ ಏರಿಸುವಾಗ ನನ್ನ ಹೆಸರು ಹಾಕಲು ಧೈರ್ಯವಾಗಲಿಲ್ಲ. ಯಾರಿಗೂ ತಿಳಿಯದ್ದನ್ನು ಕಲಿಸುವ ಮಗ ಎಂದು ಅವ್ವ ಇಡೀ ಬಜಾರಿಗೆ ಹೇಳಿದ್ದಾಳೆ, ಅವಳ ಮರ್ಯಾದೆಯ ಪ್ರಶ್ನೆ. ‘ಕೃಷ್ಣಾ ಮಲಪ್ರಭೆ’ ಎಂದು ಎರಡು ನದಿಗಳ ಹೆಸರಿಟ್ಟುಕೊಂಡೆ. ನನಗದು ಬಹಳ ಗಂಭೀರವಾಗಿ ಕಂಡಿತು.

“ಅಪ್ಪಾ, ಹೈಸ್ಕೂಲ್ ಟೀಚರ್ ಬಾಯಿ ಹೆಸರ ಇದ್ದಂಗ ಐತಿ,” ಎಂದಳು ಪ್ರಜ್ಞಾ.

ನಾಲ್ಕು ತಿಂಗಳಲ್ಲಿ ಕೃಷ್ಣಾ ಮಲಪ್ರಭೆಗೆ ಅರವತ್ತು ಸಾವಿರ ಓದುಗರಾದರು. ವರ್ಷ ತುಂಬಿದ ಮೇಲೆ ಧಾರವಾಡದ ಒಬ್ಬ ಪ್ರಕಾಶಕ ಮೊದಲ ಐವತ್ತು ಕಂತುಗಳನ್ನು ಪುಸ್ತಕ ಮಾಡಿದ. ಅದು ಬಸ್ ನಿಲ್ದಾಣದ ಅಂಗಡಿಗಳಲ್ಲಿ ಚಿಕ್ಕಿಯ ಡಬ್ಬಿಯ ಪಕ್ಕದಲ್ಲಿ ಮಾರಾಟವಾಗತೊಡಗಿತು. ಸೋಮವಾರ ಹನ್ನೊಂದು ಗಂಟೆಗೆ ಹೊಸ ಕಂತು ಬಂದರೆ, ನಮ್ಮ ಓಣಿಯಲ್ಲೂ ಸುದ್ದಿಯಾಗುತ್ತಿತ್ತು. ಪಕ್ಕದ ಮನೆಯ ಶೆಟ್ಟೆವ್ವ ಅವ್ವನ ಐವತ್ತು ವರ್ಷದ ಗೆಳತಿ. ಶೆಟ್ಟೆವ್ವನ ಸೊಸೆ ಭಾಗೀರಥಿ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುವಳು, ಹೆಂಗಸರು ಕೇಳುವರು. ಅವ್ವ ಒಂದು ಕಂತೂ ತಪ್ಪಿಸುತ್ತಿರಲಿಲ್ಲ.

“ಆ ಕಾಶವ್ವ ಥೇಟ್ ನನ್ನಂಗ ಮಾತಾಡತಾಳ ನೋಡ,” ಎಂದು ಒಮ್ಮೆ ನನಗೇ ಹೇಳಿದಳು. “ಅದನ್ನ ಬರ್ಯಾಕಿ ಭಾಳ ಶಾಣ್ಯಾಕಿ ಇರಬೇಕು.”

“ಇರಬಹುದು,” ಎಂದೆ. ಹೆಮ್ಮೆಯಿಂದ ಬೀಗುತ್ತ, ಮುಖ ಗಂಟಿಕ್ಕಿಕೊಂಡು.

ಇಷ್ಟರಲ್ಲಿ ರಾಮದುರ್ಗದಲ್ಲಿ ಒಂದು ವಿಚಾರಸಂಕಿರಣಕ್ಕೆ ಕರೆ ಬಂತು. ತೊರಗಲ್ಲಿನ ಸುತ್ತಲಿನ ಶಾಸನಗಳಲ್ಲಿ ೞಕಾರದ ಬಗ್ಗೆ ನಾನು ಪ್ರಬಂಧ ಓದಬೇಕು. ಹೊಸ ಅಂಗಿ ಹೊಲಿಸಿದೆ. ಸಭೆಯಲ್ಲಿ ಎಂಬತ್ತು ಜನ ಇದ್ದರು. ನನ್ನ ಜೀವಮಾನದಲ್ಲಿ ೞಕಾರಕ್ಕೆ ಅಷ್ಟು ಜನ ಸೇರಿದ್ದನ್ನು ನಾನು ಕಂಡಿರಲಿಲ್ಲ. ಸೋಮವಾರ, ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಓದಲು ನಿಂತೆ.

ಹನ್ನೊಂದಾಯಿತು. ಮುಂದಿನ ಸಾಲಿನ ಒಬ್ಬ ಹುಡುಗಿ ತಲೆ ತಗ್ಗಿಸಿದಳು. ಅವಳ ಪಕ್ಕದವಳೂ ತಗ್ಗಿಸಿದಳು. ನಾನು ಶಾಸನದ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ನನಗೆ ಬರೀ ನೆತ್ತಿಗಳು ಕಾಣುತ್ತಿದ್ದವು. ಎರಡನೆಯ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕಾರ್ಖಾನೆಯ ತೂಕದವನಿಗೆ ಕಾಶವ್ವ ಬೈಯುವ ಜಾಗ ಅದು, ನನಗೆ ಗೊತ್ತಿತ್ತು. ಅಧ್ಯಕ್ಷರ ಕಡೆ ತಿರುಗಿದೆ. ಅಧ್ಯಕ್ಷರು ನನ್ನ ಗುರುಗಳಾದ ಹಣಮಂತಪ್ಪನವರು, ಎಂಬತ್ತು ದಾಟಿದವರು. ಅವರ ಫೈಲಿನೊಳಗೂ ಫೋನು ಬೆಳಗುತ್ತಿತ್ತು. ನನ್ನ ಮೇಲೆ ನನಗೇ ಹೊಟ್ಟೆಕಿಚ್ಚು ಬಂದದ್ದು ಅದೇ ಮೊದಲು. ಪ್ರಬಂಧವನ್ನು ಪೂರ್ತಿ ಓದಿದೆ. ಮುಗಿದದ್ದು ಗೊತ್ತಾಗಲು ಸಭೆಗೆ ಸ್ವಲ್ಪ ಹೊತ್ತು ಬೇಕಾಯಿತು.

ಊಟದ ಹೊತ್ತಿಗೆ ಗುರುಗಳು ನನ್ನ ಹೆಗಲ ಮೇಲೆ ಕೈಯಿಟ್ಟರು.

“ಛಲೋ ಆತು ಸದಾಶಿವ. ಅದಿರಲಿ, ಈ ಕೃಷ್ಣಾ ಮಲಪ್ರಭೆ ಅನ್ನಾಕಿ ಯಾರು, ಗೊತ್ತೇನು?”

“ಇಲ್ರಿ ಸರ್.”

“ಛಂದ ಬರೀತಾಳ. ಆದರ ಸಂಸ್ಕಾರ ಸಾಲದು. ಆ ಬಿಟ್ಟುಹೋದ ಗಂಡ ತಿರುಗಿ ಬಂದು, ಕಾಶವ್ವ ಅವನ್ನ ಕ್ಷಮಿಸಿದ್ಲು ಅಂದ್ರ ಅದು ಸಾಹಿತ್ಯ ಆಗತೈತಿ.”

ಈ ಮಾತು ಕೇಳಿ ನಾನು ಬುದ್ಧಿ ಕಳೆದುಕೊಂಡೆ. ಹೇಗೂ ಜನ ಕಾಶವ್ವನನ್ನೇ ಓದುವುದಾದರೆ ಅವಳಾದರೂ ಸಾಹಿತ್ಯವಾಗಲಿ ಎಂದು, ಮುಂದಿನ ವಾರವೇ ಗಂಡನನ್ನು ಮನೆಗೆ ಕರೆಸಿದೆ. ಅದಕ್ಕೆ ಬೇಕಾದ ದೃಶ್ಯ ನನ್ನ ಹತ್ತಿರ ಸಿದ್ಧವಿತ್ತು. ನಾನು ಆರು ವರ್ಷದವನಿದ್ದಾಗ ನಮ್ಮಪ್ಪ ಯಾರಿಗೂ ಹೇಳದೆ ಗೋವೆಗೆ ಹೋಗಿ, ಒಂದು ವರ್ಷ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದರು. ಅಲ್ಲಿಯವರೆಗೆ ಅಪ್ಪನಿಗೆ ‘ಬರ್ರಿ, ಹೋಗ್ರಿ’ ಎನ್ನುತ್ತಿದ್ದ ಅವ್ವ ಅಂದು, “ಒಳಗ ಬಾ. ಉಣ್ಣು. ತಾಟು ತೊಳದಿಟ್ಟು ಹೋಗು,” ಅಂದಳು. ಏಕವಚನ ಎಂದರೆ ಏನೆಂದು ನಾನು ಕಲಿತದ್ದು ಆವತ್ತೇ. ಆ ಮಾತನ್ನು ಇದ್ದ ಹಾಗೆ ಕಾಶವ್ವನ ಬಾಯಿಗೆ ಇಟ್ಟೆ. ಆಮೇಲೆ ಸಾಹಿತ್ಯ ಶುರು ಮಾಡಿದೆ. ಕಾಶವ್ವನ ಕಣ್ಣೀರು ಇಬ್ಬನಿಯಾಯಿತು, ಗಂಡನ ಪಾದ ಕಮಲವಾಯಿತು, ಅವಳು ಅದರ ಮೇಲೆ ಬಿದ್ದು ಹೊರಳಿ ಕ್ಷಮೆ ಬೇಡಿದಳು. ಬಿಟ್ಟುಹೋದವನು ಅವನು. ಕ್ಷಮೆ ಬೇಡಿದವಳು ಅವಳು. ಬರೆಯುವಾಗ ಇದು ನನ್ನ ಗಮನಕ್ಕೆ ಬರಲಿಲ್ಲ.

ಆ ಸೋಮವಾರ ಮಧ್ಯಾಹ್ನ ಮನೆಗೆ ಊಟಕ್ಕೆ ಬಂದೆ. ಅವ್ವ ತಾಟಿಗೆ ರೊಟ್ಟಿ ಹಾಕಿದ ರೀತಿಯಲ್ಲೇ ಏನೋ ಕೆಟ್ಟಿದೆ ಎಂದು ತಿಳಿಯಿತು.

“ಅದನ್ನ ಬರದಾಕಿ ಕೈ ಸೇದಹೋಗ್ಲಿ,” ಎಂದಳು. “ಬರಿಯೂ ಬೊಟ್ಟ ಒಂದೊಂದ ಉದುರಿ ಬೀಳ್ಲಿ. ಅಕಿ ಅನ್ನ ಕಲಸಾಕ ಕೂತ್ರ ಕೈ ಏಳಬಾರದು.”

ನನ್ನ ಬಲಗೈ ಬದನೆಕಾಯಿ ಪಲ್ಲೆಯಲ್ಲಿತ್ತು. ಹಾಗೇ ನಿಂತಿತು. ದವಾಖಾನೆಯಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿ ಮಾಲಾ, ಎಲ್ಲ ಗೊತ್ತಿದ್ದವಳು, ಮಜ್ಜಿಗೆ ಬಡಿಸುತ್ತ, “ಉಣ್ರಿ. ಕೈ ಇನ್ನೂ ಛಲೋ ಐತಿ,” ಎಂದಳು.

ವಿಷಯ ಅಲ್ಲಿಗೆ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಅವ್ವ ತಾಟಿನ ಮಾತನ್ನು ಗುರುತು ಹಿಡಿದಿದ್ದಳು. ಆವತ್ತು ಅದನ್ನು ಕೇಳಿದವರು ಅಪ್ಪ, ಗೋಡೆಯಾಚೆಗಿನ ಶೆಟ್ಟೆವ್ವ, ಇನ್ನೊಬ್ಬ ಏಳು ವರ್ಷದ ಹುಡುಗ. ಅಪ್ಪ ತೀರಿಕೊಂಡು ಇಪ್ಪತ್ತೆರಡು ವರ್ಷ. ಹುಡುಗ ಹಳಗನ್ನಡದ ಮಾಸ್ತರ. ಉಳಿದವಳು ಶೆಟ್ಟೆವ್ವ. ತನ್ನ ಮನೆಯ ಮಾತನ್ನು ಯಾವಳೋ ಬರೆಯುವವಳಿಗೆ ಒಯ್ದು ಕೊಟ್ಟವಳು ಅವಳೇ ಎಂದು ಅವ್ವ ಓಣಿಯ ನಡುವೆ ನಿಂತು ಹೇಳಿಬಿಟ್ಟಳು. ಎರಡು ಮನೆಯ ನಡುವಿನ ಗೋಡೆಯ ಮೇಲೆ ಹಾದುಹೋಗುತ್ತಿದ್ದ ಪಲ್ಲೆಯ ಬಟ್ಟಲು ನಿಂತಿತು.

ಮೂರನೆಯ ದಿನ ಶೆಟ್ಟೆವ್ವ ಕಾಲೇಜಿಗೇ ಬಂದಳು. ಗೇಟಿನ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿದಳು. ಅವಳ ಕಣ್ಣು ಕೆಂಪಾಗಿದ್ದವು.

“ಸದಾ, ನಿಮ್ಮವ್ವ ನನಗ ಮನಿಮುರುಕಿ ಅಂದ್ಲು. ನಾ ಯಾರ ಮುಂದನೂ ಹೇಳಿಲ್ಲಪಾ. ನನ್ನ ಮಕ್ಕಳಾಣಿ.”

“ಗೊತ್ತೈತಿ ಚಿಗವ್ವಾ.”

“ನೀ ಕಲತಾಂವ ಅದಿ. ಆ ಬರಿಯೂ ಹೆಣ್ಣಮಗಳ ಅಡ್ರೆಸ್ ಹುಡುಕಿ ಕೊಡು. ಅಕಿನ್ನ ಕರಕೊಂಡ ಬಂದು ನಿಮ್ಮವ್ವನ ಮುಂದ ನಿಂದರಸ್ತೇನಿ.”

“ಹುಡುಕತೇನಿ,” ಎಂದೆ. ಇಷ್ಟು ಹೇಡಿತನದ ಉತ್ತರ ನನ್ನ ಯಾವ ಪಾತ್ರವೂ ಕೊಟ್ಟಿಲ್ಲ. ಸಂಜೆ ಮಾಲಾಗೆ ಹೇಳಿದೆ. ಅವಳು ನನ್ನನ್ನು ನೋಡಲೂ ಇಲ್ಲ, “ಅಡ್ರೆಸ್ ಕೊಡ್ರಿ ಮತ್ತ,” ಎಂದಳು.

ಮರುದಿನ ಬೆಳಿಗ್ಗೆ ಅವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದಳು. ಎದುರಿಗೆ ಕೂತೆ.

“ಅವ್ವಾ, ಆ ಕೃಷ್ಣಾ ಮಲಪ್ರಭೆ ನಾನ.”

ಮೊರ ಎರಡು ಸಲ ಏರಿ ಇಳಿಯಿತು.

“ನೀ ಹಳಗನ್ನಡ ಮಾಸ್ತರ,” ಎಂದಳು.

“ಹೌದು.”

“ಇದು ಎಲ್ಲಾರಿಗೂ ತಿಳೀತೈತೆಲ್ಲೋ.”

“ಹೌದವ್ವಾ. ಅದಕ್ಕ ಹೇಳಲಿಲ್ಲ.”

ಅವಳು ಮೊರ ಕೆಳಗಿಟ್ಟಳು. ನನ್ನನ್ನು ನೋಡಿದಳು. ಚಿಕ್ಕವನಿದ್ದಾಗ ಕೊಳೆತ ಟೊಮ್ಯಾಟೊ ಆರಿಸಿ ತಂದ ದಿನ ಹಾಗೆ ನೋಡಿದ್ದಳು.

“ನನ್ನ ಹೆಸರ ತಗೊಂಡಿ. ನನ್ನ ಮಾತ ತಗೊಂಡಿ. ತಗೋ, ಮಗ ಅದಿ. ಆದರ ಕಾಲ ಹಿಡದಿದ್ದು ಎಲ್ಲಿಂದ ತಂದಿ?”

“ಅದು ಕಾವ್ಯದಾಗ ಹಂಗ ಇರತೈತಿ.”

“ನಿಮ್ಮಪ್ಪ ಅವತ್ತ ಏನ ಮಾಡಿದ, ನಿನಗ ನೆನಪೈತಿ?”

ನೆನಪಿರಲಿಲ್ಲ. ನಾನು ಮಾತನ್ನಷ್ಟೇ ಕೇಳಿಸಿಕೊಂಡು ಹೊರಗೆ ಗೋಲಿ ಆಡಲು ಓಡಿದ್ದೆ.

“ಉಂಡ. ತಾಟ ತೊಳದ. ನಂದೂ ನಿಂದೂ ತಾಟ ಬಿದ್ದಿದ್ದು, ಅವನ್ನೂ ತೊಳದ. ಹೋಗು ಅಂದಿದ್ನೆಲ್ಲ, ಹೋಗಲಿಲ್ಲ. ನಾನೂ ಮತ್ತ ಹೋಗು ಅನಲಿಲ್ಲ. ಮರುದಿನಾನೂ ತೊಳದ. ಸಾಯೂ ತನಕ ಈ ಮನ್ಯಾಗ ತಾಟ ತೊಳದಾಂವ ಅಂವನ. ಒಂದ ದಿನಾನೂ ತಪ್ಪಾತು ಅಂತ ಬಾಯಿ ಬಿಟ್ಟ ಹೇಳಲಿಲ್ಲ. ನಾ ಕೇಳಲಿಲ್ಲ.”

ಅಪ್ಪ ತಾಟು ತೊಳೆಯುವುದನ್ನು ನಾನು ಬಾಲ್ಯವಿಡೀ ನೋಡಿದ್ದೇನೆ. ಅವರು ಬೌದ್ಧ ದೀಕ್ಷೆ ತೆಗೆದುಕೊಂಡವರು, ಸಭೆಗಳಿಗೆ ಹೋಗುತ್ತಿದ್ದವರು. ಅವರು ತೀರಿದಾಗ ನೆನಪಿನ ಪುಸ್ತಿಕೆಯಲ್ಲಿ ನಾನು ಒಂದು ಪುಟ ತುಂಬ ‘ಸಮತೆಯ ತತ್ವವನ್ನು ಪಾತ್ರೆ ತೊಳೆಯುವಲ್ಲಿಯೂ ಆಚರಿಸಿದ ಮಹನೀಯರು’ ಎಂದು ಬರೆದಿದ್ದೆ. ಅದನ್ನು ಅವ್ವನಿಗೆ ಓದಿ ಹೇಳಿದಾಗ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆಂದು ತಿಳಿದಿದ್ದೆ.

“ಅವತ್ತ ನಕ್ಕಿದ್ದೇನವ್ವಾ?” ಎಂದು ಕೇಳಿದೆ.

“ಮತ್ತೇನ ಮಾಡ್ಲಿ,” ಎಂದಳು. ಕಣ್ಣು ಮಾತ್ರ ಈಗ ಒದ್ದೆಯಾಗಿದ್ದವು. “ಏಳು. ಮದಲ ಶೆಟ್ಟೆವ್ವನ ಮನಿಗೆ ನಡಿ.”

ಇಬ್ಬರೂ ಹೋದೆವು. ಶೆಟ್ಟೆವ್ವ ಕೇಳುತ್ತ ಕೇಳುತ್ತ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವ್ವ ಅವಳ ಕೈ ಹಿಡಿದು, “ತಪ್ಪ ನಂದು. ಕಳ್ಳ ನನ್ನ ಮನ್ಯಾಗ ಇದ್ದ,” ಎಂದಳು. ಭಾಗೀರಥಿ ಒಳಗಿಂದ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನೀವನ್ರಿ?” ಎಂದಳು. ಅವಳಿಗೆ ಆದ ನಿರಾಶೆಯನ್ನು ಮುಚ್ಚಿಡಲು ಅವಳು ಪ್ರಯತ್ನವನ್ನೇನೂ ಮಾಡಲಿಲ್ಲ.

ನಾನು ಶೆಟ್ಟೆವ್ವನ ಕ್ಷಮೆ ಕೇಳಿದೆ. ಸಾಹಿತ್ಯವಿಲ್ಲದೆ, ನಾಲ್ಕು ಮಾತಿನಲ್ಲಿ. ಅವಳು ಕಟ್ಟೆಯಿಂದ ಎದ್ದು ಸೆರಗು ಸರಿಮಾಡಿಕೊಂಡಳು.

“ಕ್ಷಮಾ ಮಾಡತೇನಿ. ಆದರ ನನ್ನೂ ಅದರಾಗ ಹಾಕು. ಅಳೂ ಪಾರ್ಟ್ ಬ್ಯಾಡ.”

ಆ ವಾರ ಕಂತನ್ನು ತೆಗೆದುಹಾಕಿ ಬೇರೆ ಬರೆದೆ. ಗಂಡ ತಾಟು ತೊಳೆದ, ಅಷ್ಟೇ. ಅರ್ಧ ಪುಟವಾಯಿತು. ಅದಕ್ಕೆ ಬಂದಷ್ಟು ಪತ್ರಗಳು ನನಗೆ ಯಾವುದಕ್ಕೂ ಬಂದಿಲ್ಲ, ಹೆಚ್ಚಿನವು ಹೆಂಗಸರವು. ನನ್ನ ಹೆಸರನ್ನೂ ಹಾಕಿದೆ. ಹಣಮಂತಪ್ಪನವರು ಫೋನು ಮಾಡಿ, ಕಾಶವ್ವನ ಸುದ್ದಿ ಎತ್ತದೆ, “ೞಕಾರದ ಪ್ರಬಂಧದಾಗ ಎರಡನೇ ಭಾಗ ಉದ್ದ ಆಗಿತ್ತು,” ಎಂದು ಇಟ್ಟರು.

ಶೆಟ್ಟೆವ್ವನಿಗಾಗಿ ಸಾವಂತ್ರೆವ್ವ ಎಂಬ ಪಾತ್ರ ತಂದೆ. ಕಾಶವ್ವನ ಟ್ರ್ಯಾಕ್ಟರಿನ ಹಿಂದೆ ಕೂತು ಎಲೆಯಡಿಕೆ ಹಾಕುತ್ತ, ಕಾಶವ್ವನ ಪ್ರತಿ ಮಾತಿಗೂ ಒಂದು ಎದುರು ಮಾತು ಹೇಳುವವಳು. ಅವಳನ್ನು ಜನ ಎಷ್ಟು ಹಚ್ಚಿಕೊಂಡರೆಂದರೆ ಎರಡೇ ತಿಂಗಳಲ್ಲಿ ‘ಈ ವಾರ ಸಾವಂತ್ರೆವ್ವ ಯಾಕಿಲ್ಲ’ ಎಂಬ ಪತ್ರಗಳು ಬರತೊಡಗಿದವು. ಭಾಗೀರಥಿ ಅವನ್ನೂ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿದಳು. ಅವ್ವ ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು.

ಕಳೆದ ತಿಂಗಳು ಸವದತ್ತಿಯಲ್ಲಿ ಓದುಗರು ಒಂದು ಸಂವಾದ ಇಟ್ಟುಕೊಂಡಿದ್ದರು. ಇಬ್ಬರು ಮುದುಕಿಯರೂ ಬರುತ್ತೇವೆಂದು ಹಟ ಹಿಡಿದು ನನ್ನ ಜೊತೆ ಬಸ್ಸು ಹತ್ತಿದರು. ವೇದಿಕೆಯ ಮೇಲೆ ನಾನು ಹಳಗನ್ನಡದಿಂದ ಕಾಶವ್ವನವರೆಗಿನ ನನ್ನ ಪಯಣದ ಬಗ್ಗೆ ಹೇಳಲು ಶುರು ಮಾಡಿದ್ದೆ. ಒಬ್ಬ ಹೆಣ್ಣುಮಗಳು ಎದ್ದು ನಿಂತು, ಕಾಶವ್ವ ಹೆಚ್ಚು ಶಾಣ್ಯಾಕಿಯೋ ಸಾವಂತ್ರೆವ್ವ ಹೆಚ್ಚು ಶಾಣ್ಯಾಕಿಯೋ ಎಂದು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮೂರನೆಯ ಸಾಲಿನಿಂದ ಅವ್ವ ಉತ್ತರ ಕೊಟ್ಟಳು. ಅವಳ ಪಕ್ಕದಿಂದ ಶೆಟ್ಟೆವ್ವ ಅದಕ್ಕೆ ಉತ್ತರ ಕೊಟ್ಟಳು. ಸಭೆಯವರೆಲ್ಲ ಕುರ್ಚಿ ತಿರುಗಿಸಿಕೊಂಡು ಅತ್ತ ಕೂತರು. ನಾನು ಮೈಕು ಕೆಳಗಿಟ್ಟೆ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಮೇಜಿನ ಮೇಲಿದ್ದ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಅವರಿಬ್ಬರು ಆಡುತ್ತಿದ್ದುದನ್ನು ಬರೆದುಕೊಳ್ಳತೊಡಗಿದೆ.