ಕಡಲಹಂದಿಯ ಶ್ವಾಸಕೋಶ

೧೯೩೮ರ ಬೇಸಿಗೆ. ಹಜರತಅಲಿ ಉಪ್ಪು ತುಂಬಿದ ಪೀಪಾಯಿಯೊಂದನ್ನು ಶಿರಸಿ ಮೋಟಾರಿನಿಂದ ಇಳಿಸಿ ನಮ್ಮ ಅಂಗಡಿ ಕಟ್ಟೆಯ ಮೇಲಿಟ್ಟಾಗ ಬ್ಯಾಡಗಿ ಪೇಟೆಯ ಅರ್ಧ ಮಂದಿ ಮೂಗು ಮುಚ್ಚಿಕೊಂಡರು. ಅವನು ಹಾವೇರಿಯವನು; ಅಪ್ಪನಿಂದ ಮೆಣಸಿನಕಾಯಿ ಕೊಂಡು ಕುಮಟೆ ಬಂದರಿನಲ್ಲಿ ವ್ಯಾಪಾರ ಮಾಡುತ್ತಿದ್ದ. ಅಪ್ಪನಿಗೆ ಹೇಳಿದ:

"ಅಣ್ಣಾಜಿರಾಯರ, ನಿಮ್ಮ ಕಾಯಿ ಚೀಲ ಸಮುದ್ರಕ್ಕ ಬಿದ್ದುವು. ಅದರ ಹಿಂದ ಒಂದು ಕಡಲಹಂದಿ ಸತ್ತು ದಂಡಿಗೆ ಬಂತು, ಮೂಗಿನ್ಯಾಗ ಕೆಂಪು ನೊರಿ. ಕಾಯಿಗೆ ವಿಷದ ಬಣ್ಣ ಹಚ್ಚ್ಯಾರ ಅಂತ ಬಂದರದಾಗೆಲ್ಲಾ ಮಾತು. ಅದರ ಹೊಟ್ಟಿ, ಪುಪ್ಪುಸ ಉಪ್ಪಿನಾಗ ಹಾಕಿ ತಂದೇನಿ. ನೋಡ್ರಿ."

ಡಾಲ್ಫಿನ್ನಿಗೆ ಬಂದರಿನವರು ಕಡಲಹಂದಿ ಅನ್ನುತ್ತಾರೆ. ಅಪ್ಪನಿಗೆ ಪ್ರಾಣಿಯ ಚಿಂತೆ ಇರಲಿಲ್ಲ. ಬ್ಯಾಡಗಿ ಕಾಯಿಯ ಹೆಸರು ಖಾರಕ್ಕಲ್ಲ, ಬಣ್ಣಕ್ಕೆ. ಆ ಬಣ್ಣವೇ ಸುಳ್ಳೆಂದರೆ ಅಂಗಡಿ ಮುಚ್ಚಬೇಕು.

"ಗಂಗಾಧರಾ, ನೀ ನೋಡೋ" ಎಂದರು ಅಪ್ಪ. ನಾನು ಮುಂಬಯಿಯಲ್ಲಿ ಪಶುವೈದ್ಯ ಕಲಿತು ರಾಣಿಬೆನ್ನೂರಿನ ದನದ ದವಾಖಾನೆ ಸೇರಿದ ಮೇಲೆ ಮಂದಿಯ ಮುಂದೆ ನನ್ನ ಹೆಸರು ಹಿಡಿದದ್ದು ಅದೇ ಮೊದಲು; ಮಗ ದನದ ಡಾಕ್ಟರ ಎನ್ನಲು ಅವರಿಗೆ ನಾಚಿಕೆ.

ಹಿತ್ತಲಲ್ಲಿ ಹಲಗೆ ಹಾಕಿ ಹೊಟ್ಟೆ ಸೀಳಿದೆ. ಒಳಗೆ ಮೀನಿನ ಮುಳ್ಳು, ಗೋಡೆ ಬೆಳ್ಳಗಿತ್ತು. ಜಜ್ಜಿದ ಮೆಣಸಿನಕಾಯಿಯನ್ನು ಅದಕ್ಕೆ ತಿಕ್ಕಿದೆ. ಹತ್ತಿದ ಕೆಂಪು, ಒಂದು ಕೊಡ ನೀರು ಸುರಿದರೂ ಬಿಡಲಿಲ್ಲ.

"ನಮ್ಮ ಕಾಯಿ ತಿಂದಿದ್ರ ಹೊಟ್ಟಿ ಹಿಂಗ ಆಗಿರತಿತ್ತು" ಎಂದೆ.

"ಮತ್ತ ಯಾಕ ಸತ್ತಿತು? ನಿಮ್ಮಪ್ಪನ ದರಾ ಕೇಳಿ ಎದಿ ಒಡೀತೇನು?" ಎಂದ ಹಜರತಅಲಿ.

ಮಂದಿ ನಕ್ಕರು. ನಾನು ಶ್ವಾಸಕೋಶ ಕೊಯ್ದೆ. ಉಸಿರುನಾಳದಿಂದ ದಾರದಂಥ ಬಿಳಿ ಹುಳಗಳು ಉಂಡೆಯಾಗಿ ಬಂದವು, ಹಿಂದೆ ಕೀವು. ನಗು ನಿಂತಿತು. ಕಾಗಿನೆಲೆಯಿಂದ ಬರುವ ಕೆಮ್ಮಿನ ಕುರಿಗಳಲ್ಲಿ ಇಂಥದೇ ಹುಳ ಕಂಡಿದ್ದೆ.

ಸಂಜೆಯ ರೈಲಿಗೆ ಹಜರತಅಲಿಯನ್ನು ರಾಣಿಬೆನ್ನೂರಿನ ದವಾಖಾನೆಗೆ ಕರೆದೊಯ್ದು, ಕೀವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ರೋಗಾಣುಗಳು ಗೊಂಚಲು ಗೊಂಚಲಾಗಿದ್ದವು.

"ಹುಳ ಉಸಿರಿನ ಹಾದಿ ಕಟ್ಟ್ಯಾವ. ಅವು ಮಾಡಿದ ಗಾಯದಾಗ ಇವು ಬೆಳದಾವ. ಆ ಕೆಂಪು ನೊರಿ ಅದರದೇ ರಕ್ತ."

ಅವನು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ. "ಖರೇ ಐತಿ. ಬಂದರದಾಗ ನಾನ ಹೇಳ್ತೇನಿ. ಚೀಲ ಕಳಸ್ರಿ."

ಆ ಹುಳಗಳ ಬಾಟಲಿ ಈಗ ಅಪ್ಪನ ತಕ್ಕಡಿಯ ಪಕ್ಕದಲ್ಲಿದೆ. ಬಂದ ಗಿರಾಕಿಗೆಲ್ಲ ತೋರಿಸುತ್ತಾರೆ.

"ಮಗಾ ದನದ ಡಾಕ್ಟರ ಏನ್ರಿ?"

"ದನದ್ದೂ ಹೌದು, ಸಮುದ್ರದ್ದೂ ಹೌದು. ಮುಂಬಯಿ ತನಕಾ ಹುಡುಕ್ರಿ, ಇಂಥಾವ ಇನ್ನೊಬ್ಬ ಸಿಕ್ಕರ ಹೇಳ್ರಿ."

ದವಾಖಾನೆಯಿಂದ ಬಂದು ಸ್ನಾನ ಮಾಡದಿದ್ದರೆ ಮಾತ್ರ ನನ್ನನ್ನು ಇಂದಿಗೂ ಅಡಿಗೆಮನೆಗೆ ಬಿಡುವುದಿಲ್ಲ.