ಎರಡು ಬಾಯಿಯ ಡ್ರಮ್ಮು

ನನ್ನ ಗಂಡನಿಗೆ ಏಣಿಯೆಂದರೆ ಪ್ರಾಣ. ಸೂರಿನಂಚಿಗೆ ಮಳೆನೀರು ಹರಿಯಲೆಂದು ಕೂರಿಸಿದ ದೋಣಿಗಳನ್ನು ಚೊಕ್ಕಟ ಮಾಡುವುದು ನಮ್ಮ ಕಸುಬು. ಇವರು ಮೇಲೆ ಹತ್ತಿ ಕೊಳೆತ ಎಲೆ ಬಾಚುತ್ತಿದ್ದರು, ನಾನು ಕೆಳಗೆ ಏಣಿ ಹಿಡಿದು ನಿಲ್ಲುತ್ತಿದ್ದೆ. ಹೋದ ಮಳೆಗಾಲದಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವರೇ ಏಣಿಗೇನೂ ಆಗಿಲ್ಲವಷ್ಟೆ ಎಂದು ಕೇಳಿದ ಮಹಾನುಭಾವರು.

ನಾನು ಹಟ ಹಿಡಿದೆ. ನೀರು, ಕೆಸರು ಎರಡನ್ನೂ ಎಳೆದುಕೊಳ್ಳುವ ವ್ಯಾಕ್ಯೂಮ್ ಮೆಷಿನ್ ಬಂತು. ನೆಲದ ಮೇಲೆ ಡ್ರಮ್ಮು, ಅದಕ್ಕೊಂದು ದಪ್ಪ ಪೈಪು, ಪೈಪಿನ ತುದಿಗೆ ಸೂರು ಮುಟ್ಟುವ ಉದ್ದನೆಯ ಕೊಳವೆ. ಮನೆಗೆ ಸವತಿ ಬಂದಳೇನೋ ಎಂಬಂತೆ ಇವರು ಏಣಿಯ ಪರವಾಗಿ ಮುಖ ಊದಿಸಿಕೊಂಡರು. ಮೆಷಿನ್ ಒಂದೇ ಒಂದು ಸಲ ಕೈಕೊಟ್ಟರೂ ಮತ್ತೆ ಹತ್ತುವವನೇ ಎಂದು ಷರತ್ತು ಹಾಕಿ, ಏಣಿಯನ್ನು ವ್ಯಾನಿನ ನೆತ್ತಿಯ ಮೇಲೇ ಉಳಿಸಿಕೊಂಡರು. ಇವರನ್ನು ಇನ್ನೊಮ್ಮೆ ನೆಲದಿಂದ ಎತ್ತುವ ಧೈರ್ಯ ನನಗಿರಲಿಲ್ಲ.

ಆವತ್ತಿನ ಮನೆ ನಿವೃತ್ತ ಹೆಡ್‌ಮಿಸ್‌ರದು. ಪರೀಕ್ಷೆಯ ಕೋಣೆಯಲ್ಲಿ ನಿಂತವರ ಹಾಗೆ ಕೈಕಟ್ಟಿ ನಮ್ಮ ಪಕ್ಕದಲ್ಲೇ ನಿಂತರು. ಇವರು ಕೊಳವೆಯನ್ನು ದೋಣಿಗೆ ಇಳಿಸಿದರು, ನಾನು ಸ್ವಿಚ್ ಒತ್ತಿದೆ.

ಡ್ರಮ್ಮಿಗೆ ಎರಡು ಬಾಯಿ. ಒಂದು ಎಳೆಯುತ್ತದೆ, ಇನ್ನೊಂದು ಊದುತ್ತದೆ. ಪೈಪು ನಾರಬಾರದೆಂದು ಹಿಂದಿನ ಸಂಜೆ ಇವರು ಅದನ್ನು ಊದುವ ಬಾಯಿಗೆ ಸಿಕ್ಕಿಸಿ ಒಳಗೆಲ್ಲ ಒಣಗಿಸಿದ್ದರು. ಬೆಳಿಗ್ಗೆ ಬದಲಿಸಲು ಮರೆತಿದ್ದರು. ದೋಣಿಯಲ್ಲಿದ್ದ ರಾಡಿಯೆಲ್ಲ ಮೇಲಕ್ಕೆ ಚಿಮ್ಮಿ ಗೋಡೆ, ಕಿಟಕಿ, ಒಣಹಾಕಿದ್ದ ಬಿಳಿ ಹಾಸಿಗೆವಸ್ತ್ರ, ಕೊನೆಗೆ ಹೆಡ್‌ಮಿಸ್‌ರ ತಲೆ, ಯಾವುದನ್ನೂ ಬಿಡದೆ ಸುರಿಯಿತು.

ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಇದು ಮೊದಲನೇ ಹಂತಾನಾ?" ಎಂದರು.

ನಾನು ಬಟ್ಟೆಯೆಲ್ಲ ಒಗೆದುಕೊಡುತ್ತೇನೆಂದು ಗೋಗರೆಯುತ್ತಿದ್ದರೆ, ಇವರು ಮದುವೆಗಂಡಿನ ಕಳೆ ಹೊತ್ತು ಏಣಿ ಇಳಿಸುತ್ತಿದ್ದರು. ಪೈಪು ಸಿಕ್ಕಿಸಿದ್ದು ನೀವು, ಮೆಷಿನ್ನಲ್ಲ ಎಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಏಣಿ ಗೋಡೆಗೆ ಒರಗಿತು.

ನನಗೆ ಮೈಯೆಲ್ಲ ಉರಿಯಿತು. ಇವರನ್ನು ಪಕ್ಕಕ್ಕೆ ತಳ್ಳಿ ನಾನೇ ಹತ್ತಿಬಿಟ್ಟೆ. ಹುಟ್ಟಿದಾಗಿನಿಂದ ಸ್ಟೂಲಿನ ಮೇಲೂ ನಿಂತವಳಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಏಣಿ ಗಡಗಡ ಅಲುಗಾಡತೊಡಗಿತು. ಕೆಳಗಿನಿಂದ ಮೊದಲು ಗದರಿಕೆ ಬಂತು, ಆಮೇಲೆ ಅಂಗಲಾಚುವ ದನಿ. ನೋಡಿದರೆ, ಮೂಳೆ ಮುರಿದಾಗಲೂ ಕಣ್ಣೀರು ಹಾಕದವರು ಏಣಿಯ ಕಾಲುಗಳನ್ನು ತಬ್ಬಿಕೊಂಡು ಕಣ್ಣು ಮುಚ್ಚಿ ನಿಂತಿದ್ದಾರೆ.

"ಇಳಿ ಕಣೇ. ನಂಗೆ ಕೈಕಾಲೇ ಆಡ್ತಾ ಇಲ್ಲ."

"ನಂಗೆ ಇಷ್ಟು ವರ್ಷ ದಿನಾ ಹಿಂಗೇ ಆಗ್ತಿತ್ತು," ಎಂದೆ.

ನಾನು ಇಳಿದು ಬಂದಾಗ ಇವರು ನನ್ನ ಮುಂಗೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ತಾವೇ ಬಗ್ಗಿ ಪೈಪು ಕಿತ್ತು ಎಳೆಯುವ ಬಾಯಿಗೆ ಸಿಕ್ಕಿಸಿದರು. ಏಣಿ ನೀವೇ ಇಟ್ಟುಕೊಳ್ಳಿ ಎಂದು ಹೆಡ್‌ಮಿಸ್‌ರಿಗೆ ಹೇಳಿದರು. ತಲೆಯ ಮೇಲೆ ಇನ್ನೂ ಎಲೆ ಹೊತ್ತಿದ್ದ ಅವರು ಏಣಿಯನ್ನು ಮೇಲಿಂದ ಕೆಳಗೆ ನೋಡಿ, ಮಲ್ಲಿಗೆ ಬಳ್ಳಿ ಹಬ್ಬಿಸಲು ಆದೀತು ಎಂದರು.

ಇವರು ಅತ್ತ ತಿರುಗಿಯೂ ನೋಡದೆ ನನಗೆ ಸ್ವಿಚ್ ಒತ್ತಲು ಹೇಳಿದರು.